ಕಾಲುಸಂಕದ ಅರ್ಜಿಗೆ ಎಷ್ಟು ಸಹಿ ಬೇಕು?

ಪಂಚಾಯಿತಿಗೆ ಬರುವ ಮನವಿಗೆ ಇಂತಿಷ್ಟು ಸಹಿ ಬೇಕು ಎನ್ನುವ ಮೊದಲು, ಸಹಿ ಬೇಕಾಗಿರುವುದು ಯಾವುದಕ್ಕೆ ಎಂದು ನೋಡಬೇಕು. ಅರ್ಜಿ ತೆಗೆದುಕೊಳ್ಳುವುದಕ್ಕಂತೂ ಅಲ್ಲ. ಒಂದೇ ಹೆಬ್ಬೆಟ್ಟಿದ್ದರೂ ಆವಕಕ್ಕೆ (ಬಂದ ಪತ್ರಗಳ ದಾಖಲೆ ಪುಸ್ತಕಕ್ಕೆ) ಏರಿಸಿ, ನಂಬರು ಹಾಕಿ, ಸ್ವೀಕೃತಿ ಕೊಡಲೇಬೇಕು. ಸಹಿಯ ಲೆಕ್ಕ ಬರುವುದು ಗ್ರಾಮ ಸಭೆಯ (ಇಡೀ ಪಂಚಾಯಿತಿಯ ಮತದಾರರ ಸಭೆ) ಇಲ್ಲವೇ ವಾರ್ಡ್ ಸಭೆಯ (ಒಂದು ವಾರ್ಡಿನ ಮತದಾರರದು) ವಿಶೇಷ ಸಭೆ ಕರೆಯಿರಿ ಎಂದು ಜನ ಕೇಳಿದಾಗ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ, ಸಭೆಯ ಸದಸ್ಯರಲ್ಲಿ, ಅಂದರೆ ಮತದಾರರ ಪಟ್ಟಿಯಲ್ಲಿರುವವರಲ್ಲಿ, ಶೇ 10ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವಿಷಯ ನಮೂದಿಸಿ ಕೇಳಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ 2,400 ಮತದಾರರ ಒಂದು ಪಂಚಾಯಿತಿ ಅಂದುಕೊಳ್ಳಿ: ಗ್ರಾಮ ಸಭೆಗಾದರೆ 240 ಸಹಿ. ಹಳ್ಳದಾಚೆಯ 15 ಮನೆಗೆ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಬೇಕು, ಅಲ್ಲಿರುವುದೇ 50 ಮತ. ಉಳಿದ ಸಹಿಗೆ ಗುಡ್ಡ ಹತ್ತಿಳಿದು ಒಂಟಿಮನೆಗಳನ್ನು ಸುತ್ತಬೇಕು, ಅದೂ ಸಂಕದ ಗೊಡವೆಯೇ ಇಲ್ಲದವರ ಹತ್ತಿರ. ಅದೇ ವಿಷಯವನ್ನು 305 ಮತದಾರರ ವಾರ್ಡ್ ಸಭೆಗೆ ಒಯ್ದರೆ 31 ಸಾಕು. (30.5 ಬಂದರೆ ಮೇಲಕ್ಕೇ ಎಣಿಸಬೇಕು, 30 ಆದರೆ ಶೇ 10ಕ್ಕೆ ಕಡಿಮೆಯಾಗುತ್ತದೆ.) ತೊಂದರೆ ಯಾರಿಗೋ ಅವರ ನಡುವೆಯೇ ಮಿತಿ ಎಣಿಸುವುದು ನ್ಯಾಯ.

ಗ್ರಾಮ ಸಭೆಯ ಕೋರಂ, ಅಂದರೆ ಸಭೆ ನಡೆಯಲು ಹಾಜರಿರಲೇಬೇಕಾದ ಸಂಖ್ಯೆ, ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಸಭೆ ನಡೆಸಲು 100 ಜನ ಸಾಕು, ಕರೆಸಲು 240 ಬೇಕು! ಕೇಳಿಕೆಗೂ 100ರ ಮೇಲ್ಮಿತಿ ಇರಬೇಕಿತ್ತು.

ಎಣಿಕೆಯಲ್ಲಿ ಸಹಿ ಬಿದ್ದುಹೋಗುವುದು ಹೀಗೆ: ಮಗನ ಮತ ಬೆಂಗಳೂರಿನಲ್ಲಿರುತ್ತದೆ, ಮದುವೆಯಾಗಿ ಹೋದ ಮಗಳ ಹೆಸರು ಗಂಡನ ಊರಿನ ಪಟ್ಟಿಗೆ ಹೋಗಿರುತ್ತದೆ, ಮನೆಯವರಿಗೆಲ್ಲ ಒಬ್ಬರೇ ಸಹಿ ಹಾಕಿರುತ್ತಾರೆ. ಒಂದೇ ವಾರ್ಡಿನಲ್ಲಿ ಮೂವರು ಮಂಜುನಾಥರು ಸಿಗುತ್ತಾರೆ. ಅದಕ್ಕೇ ಪ್ರತಿ ಸಾಲಿನಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ, ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಇರಲಿ. ಹೆಬ್ಬೆಟ್ಟಿನ ಪಕ್ಕ ಒಬ್ಬರ ಸಾಕ್ಷಿ ಸಹಿ. ಬೇಡಿಕೆಯ ಒಕ್ಕಣೆ ಪ್ರತಿ ಹಾಳೆಯ ತಲೆಯಲ್ಲೂ ಇರಬೇಕು, ಇಲ್ಲದಿದ್ದರೆ ಬೇರೆ ಯಾವುದಕ್ಕೋ ಹಾಕಿಸಿಕೊಂಡ ಸಹಿ ಎಂಬ ತಕರಾರು ಬರುತ್ತದೆ. 31 ಬೇಕಾದ ಕಡೆ 40 ಮಾಡಿಸಿ.

ಪಂಚಾಯಿತಿಯವರೂ ಪೂರಾ ಅರ್ಜಿಯನ್ನು ತಿರಸ್ಕರಿಸಬಾರದು. ಹೊಡೆದುಹಾಕಿದ ಸಾಲು ಯಾವುದು, ಏಕೆ ಎಂದು ಬರೆದುಕೊಟ್ಟು, ತುಂಬಿಸಲು ಹದಿನೈದು ದಿನವಾದರೂ ಬಿಡಬೇಕು. ಆಷಾಢದ ಮಳೆಯಲ್ಲಾದರೆ ಒಂದು ತಿಂಗಳು. ಸಂಕ ಕೇಳುತ್ತಿರುವವರು ಆಗ ಹಳ್ಳ ದಾಟಲಾಗದೆ ಆಚೆ ದಡದಲ್ಲೇ ಇರುತ್ತಾರೆ.