ರಂಜಾನಿನ ಜಕಾತ್ ಬರದ ಊರಿಗೆ ಯಾವಾಗ ತಲುಪಬೇಕು

ದಾವಣಗೆರೆಯ ಆಜಾದ್ ನಗರ, ಭಾಷಾ ನಗರಗಳ ಕಡೆ ರಂಜಾನ್ ಬಂತೆಂದರೆ ಕಿರಾಣಿ ಅಂಗಡಿಗಳಲ್ಲಿ ದಾನದ ಕಿಟ್ ಕಟ್ಟುವ ಕೆಲಸ ಆರಂಭವಾಗುತ್ತದೆ. ಅಕ್ಕಿ, ಗೋಧಿ ಹಿಟ್ಟು, ತೊಗರಿ ಬೇಳೆ, ಸಕ್ಕರೆ, ಚಹಾ ಪುಡಿ, ಅಡುಗೆ ಎಣ್ಣೆ, ಒಂದು ಪೊಟ್ಟಣ ಖರ್ಜೂರ, ಹಬ್ಬದ ದಿನಕ್ಕೆ ಶಾವಿಗೆ. ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುವವರಿಂದ ಹಿಡಿದು ದೊಡ್ಡ ವ್ಯಾಪಾರಸ್ಥರವರೆಗೆ ಎಲ್ಲರೂ ತಮ್ಮ ಶಕ್ತ್ಯನುಸಾರ ಕೊಡುವ ತಿಂಗಳಿದು. ಈ ಊರಿನವರ ಕೈ ಬಿಗಿ ಎಂದು ನಾನು ಎಂದೂ ಹೇಳಲಾರೆ. ನಮ್ಮ ಮೊಹಲ್ಲಾದವರು ಕೂಡಿಸುವ ಜಕಾತ್ ಹಣದ, ಅಂದರೆ ಉಳ್ಳವರು ತಮ್ಮ ಸಂಪತ್ತಿನಲ್ಲಿ ಬಡವರಿಗೆ ಕೊಡಲೇಬೇಕಾದ ಪಾಲಿನ, ಲೆಕ್ಕ ಬರೆಯುವ ಮತ್ತು ಅದನ್ನು ಜಗಳೂರು ತಾಲ್ಲೂಕಿನ ಕೆಲವು ಹಳ್ಳಿಗಳಿಗೆ ಮುಟ್ಟಿಸುವ ಕೆಲಸದಲ್ಲಿ ಕೆಲವು ವರ್ಷಗಳಿಂದ ತೊಡಗಿರುವ ನನಗೆ ಒಂದು ಮಾತು ಮನದಟ್ಟಾಗಿದೆ. ಬರದ ವರ್ಷದಲ್ಲಿ ಎಷ್ಟು ಕೊಟ್ಟೆವು ಎಂಬುದಕ್ಕಿಂತ ಯಾವಾಗ ಕೊಟ್ಟೆವು ಎಂಬುದೇ ಆ ಮನೆಗಳ ಪಾಲಿಗೆ ದೊಡ್ಡ ಸಂಗತಿ.

ದಾವಣಗೆರೆ ಪೇಟೆಯಲ್ಲಿ ಇರುವವರಿಗೆ ಬರ ಬೇಗ ಕಣ್ಣಿಗೆ ಬೀಳುವುದಿಲ್ಲ. ಭದ್ರಾ ನಾಲೆ ಹರಿಯುವ ಕಡೆಯೆಲ್ಲ ಭತ್ತದ ಗದ್ದೆ, ಅಡಿಕೆ ತೋಟಗಳಿವೆ. ಆದರೆ ಇದೇ ಜಿಲ್ಲೆಯ ಜಗಳೂರಿನಲ್ಲಿ, ಅದರಾಚೆಗಿನ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಬಹುಪಾಲು ಬೇಸಾಯಕ್ಕೆ ಮಳೆಯೊಂದೇ ಆಧಾರ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗಾಗಿ, ಭದ್ರಾ ಮೇಲ್ದಂಡೆಗಾಗಿ ಇಲ್ಲಿಯ ಜನ ವರ್ಷಗಟ್ಟಲೆ ಕಾದಿದ್ದಾರೆ, ಹೋರಾಡಿದ್ದಾರೆ. 2023ರ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು.

ಬರವೆಂದರೆ ಒಂದು ದಿನ ಬಂದೆರಗುವ ಆಪತ್ತಲ್ಲ, ಅದಕ್ಕೆ ಅದರದೇ ಆದ ಕ್ರಮವಿದೆ. ಮುಂಗಾರಿನಲ್ಲಿ ಸಾಲ ತಂದು ಮೆಕ್ಕೆಜೋಳವನ್ನೋ ಶೇಂಗಾವನ್ನೋ ಬಿತ್ತುತ್ತಾರೆ. ಆಗಸ್ಟ್‌ನಲ್ಲಿ ಪೈರು ಬಾಡುತ್ತದೆ. ದೀಪಾವಳಿಯ ಹೊತ್ತಿಗೆ ಕಣಕ್ಕೆ ಬರಬೇಕಾದ ಫಸಲು ಬರುವುದಿಲ್ಲ. ಕೊಯ್ಲಿಲ್ಲವೆಂದರೆ ಕೊಯ್ಲಿನ ಕೂಲಿಯೂ ಇಲ್ಲ. ಕಿರಾಣಿ ಅಂಗಡಿಯ ಉದ್ರಿ ಬೆಳೆಯುತ್ತದೆ, ಸಂಘದ ವಾರದ ಕಂತು ಮಾತ್ರ ನಿಲ್ಲುವುದಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಮೊದಲು ಆಡು ಕುರಿ, ಆಮೇಲೆ ಎಮ್ಮೆ, ಎತ್ತು ಸಂತೆಗೆ ಹೋಗುತ್ತವೆ. ಎಲ್ಲರೂ ಒಟ್ಟಿಗೆ ಮಾರಲು ಹೊಡೆದುಕೊಂಡು ಬರುವುದರಿಂದ ಆಗ ಅವುಗಳಿಗೆ ಬೆಲೆಯೂ ಸಿಗುವುದಿಲ್ಲ. ಅದಾದ ಮೇಲೆ ದುಡಿಯುವ ಗಂಡ ಹೆಂಡತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಗುಳೆ ಹೋಗುತ್ತಾರೆ, ಮನೆಯಲ್ಲಿ ಮುದುಕರು ಮತ್ತು ಮಕ್ಕಳು ಉಳಿಯುತ್ತಾರೆ.

2024ರ ರಂಜಾನ್ ಮಾರ್ಚ್ 12ಕ್ಕೆ ಆರಂಭವಾಯಿತು. ನಾವು ಕಿಟ್‌ಗಳನ್ನು ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಹೋದಾಗ ಉಪವಾಸ ಅರ್ಧಕ್ಕೂ ಮಿಕ್ಕಿ ಕಳೆದಿತ್ತು. ಆ ಹಳ್ಳಿಯಲ್ಲಿ ಇದ್ದವು ಕೆಲವೇ ನದಾಫ್ ಮನೆಗಳು. ನದಾಫರನ್ನು, ಅಂದರೆ ಪಿಂಜಾರರನ್ನು ಅರಿಯದವರಿಗಾಗಿ ಹೇಳುವುದಾದರೆ, ಇವರು ಹಿಂದೆ ಹತ್ತಿ ಹಿಂಜಿ ಹಾಸಿಗೆ ಮಾಡಿಕೊಡುತ್ತಿದ್ದ ಮುಸ್ಲಿಮರು. ಈ ಭಾಗದ ಹಳ್ಳಿಗಳಲ್ಲಿ ಇವರ ಮನೆಮಾತು ಹೆಚ್ಚಾಗಿ ಕನ್ನಡವೇ. ನಾವು ಕಂಡ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಇಬ್ಬರು ಮೊಮ್ಮಕ್ಕಳೊಂದಿಗೆ ಇದ್ದರು. ಹತ್ತಿ ಹಿಂಜುವ ಬಿಲ್ಲು ಜಂತಿಗೆ ತೂಗುಬಿದ್ದಿತ್ತು. ಜಗಲಿಯ ಪಕ್ಕದಲ್ಲಿ ಆಡು ಕಟ್ಟುವ ಗೂಟಗಳಿದ್ದವು, ಹಗ್ಗವೂ ಇತ್ತು, ಆಡು ಇರಲಿಲ್ಲ. ಅವರು ಕಿಟ್ ಬಿಚ್ಚಿ ಖರ್ಜೂರವನ್ನು ಮಕ್ಕಳಿಗೆಂದು ಡಬ್ಬಿಗೆ ಹಾಕಿದರು, ಗೋಧಿ ಹಿಟ್ಟಿನ ಚೀಲವನ್ನು ಬದಿಗಿಟ್ಟು ಅದನ್ನು ಯಾರಿಗಾದರೂ ಕೊಟ್ಟು ರಾಗಿ ಈಸಿಕೊಳ್ಳುವುದಾಗಿ ಹೇಳಿದರು. ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಮುದ್ದೆ ಉಂಡರೆ ಸಂಜೆಯವರೆಗೆ ತಡೆಯುತ್ತದೆ ಎಂಬುದು ಅವರ ಅನುಭವ. ಹೊರಡುವಾಗ ಅವರೆಂದರು: “ದೇವ್ರು ನಿಮಗೆ ಒಳ್ಳೇದು ಮಾಡ್ಲಿ ಕಣಪ್ಪ. ಸಂಕ್ರಾಂತಿ ಹೊತ್ತಿಗೆ ಒಂದಿಷ್ಟು ರೊಕ್ಕ ಕೈಗೆ ಸಿಕ್ಕಿದ್ರೆ ಆಡು ಉಳೀತಿದ್ವು.” ಆ ಮಾತಿನಲ್ಲಿ ದೂರು ಇರಲಿಲ್ಲ, ತಮ್ಮ ಮನೆಯ ಲೆಕ್ಕವನ್ನು ಅವರು ನೇರವಾಗಿ ಹೇಳಿದ್ದರು.

ಸರ್ಕಾರದ ನೆರವು ಇಲ್ಲವೆಂದಲ್ಲ. ಆದರೆ ಬೆಳೆ ನಷ್ಟದ ಪರಿಹಾರ ಹೋಗುವುದು ಪಹಣಿ ಇದ್ದವರ ಖಾತೆಗೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಎಂಬುದು ಆಗಿನ ನಿಯಮ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿ ಕೊಡಲು ತೊಡಗಿತು. ಕೇಂದ್ರದಿಂದ ಹಣ ಬಿಡುಗಡೆಯಾಗಲು ರಾಜ್ಯವು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು, ಅಷ್ಟರಲ್ಲಿ ಏಪ್ರಿಲ್ ಮುಗಿಯುತ್ತ ಬಂದಿತ್ತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಆಗ ತಲೆಗೆ 170 ರೂಪಾಯಿ ಬರುತ್ತಿತ್ತು. ಇನ್ನೊಬ್ಬರ ಹೊಲವನ್ನು ಕೋರಿಗೆ ಮಾಡುವವನ ಹೆಸರಾಗಲಿ, ಬರೀ ಕೂಲಿಯನ್ನೇ ನಂಬಿದ ವಿಧವೆಯ ಹೆಸರಾಗಲಿ ಬೆಳೆ ಪರಿಹಾರದ ಪಟ್ಟಿಯಲ್ಲಿ ಬರುವುದಿಲ್ಲ. ಜಕಾತ್ ಮೊದಲು ಹುಡುಕಿಕೊಂಡು ಹೋಗಬೇಕಾದದ್ದು ಇಂಥವರನ್ನೇ ಎಂದು ನಾನು ನಂಬಿದ್ದೇನೆ.

ಐವತ್ತೆರಡೂವರೆ ತೊಲ ಬೆಳ್ಳಿಯ ಬೆಲೆಯಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಸಂಪತ್ತು, ಸಾಲ ಮತ್ತು ಅಗತ್ಯಗಳನ್ನು ಕಳೆದು, ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರಲ್ಲಿ ನಲವತ್ತರಲ್ಲೊಂದು ಭಾಗ ಬಡವರ ಹಕ್ಕು. ನಾಲ್ಕು ಲಕ್ಷ ರೂಪಾಯಿ ಬೆಲೆಯ ಚಿನ್ನ, ನಗದು ಉಳ್ಳವರು ಹತ್ತು ಸಾವಿರ ಕೊಡಬೇಕು. ಈ ಚಾಂದ್ರಮಾನ ವರ್ಷ ತುಂಬುವುದು ಒಬ್ಬೊಬ್ಬರಿಗೆ ಒಂದೊಂದು ದಿನ. ರಂಜಾನಿನಲ್ಲಿ ಪುಣ್ಯ ಹೆಚ್ಚೆಂಬ ಶ್ರದ್ಧೆಯಿಂದ ನಾವೆಲ್ಲ ಆ ತಿಂಗಳನ್ನೇ ಲೆಕ್ಕದ ತಿಂಗಳಾಗಿ ಮಾಡಿಕೊಂಡಿದ್ದೇವೆ. ಆ ಶ್ರದ್ಧೆ ನನಗೂ ಇದೆ. ಆದರೆ ವರ್ಷ ತುಂಬುವ ಮೊದಲೇ ಜಕಾತ್ ಕೊಡಲು ಪ್ರವಾದಿಯವರು ತಮ್ಮ ಚಿಕ್ಕಪ್ಪ ಅಬ್ಬಾಸ್ ಅವರಿಗೆ ಅನುಮತಿ ಕೊಟ್ಟದ್ದು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಗಳ ದಾಖಲೆಯಲ್ಲಿ, ಇದೆ. ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಮದೀನಾದ ಸುತ್ತಮುತ್ತ ಭೀಕರ ಬರ ಬಿದ್ದಾಗ ಖಲೀಫ ಉಮರ್ ಅವರು ಜನರಿಗೆ ಸಿಗದ ತುಪ್ಪವನ್ನು ತಾವೂ ಮುಟ್ಟಲಿಲ್ಲವೆಂದೂ, ಬರಕ್ಕೆ ಸಿಕ್ಕಿದವರಿಂದ ಆ ವರ್ಷ ಜಕಾತ್ ವಸೂಲಿಯನ್ನೇ ಮುಂದೂಡಿದರೆಂದೂ ಇತಿಹಾಸ ಹೇಳುತ್ತದೆ. ಬರಕ್ಕೆ ತಕ್ಕಂತೆ ಜಕಾತಿನ ಕಾಲವನ್ನು ಹಿಂದೆ ಮುಂದೆ ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ನಮಗೆ ಬೇಕಿಲ್ಲ.

ಬೆಳೆಯ ಮೇಲಿನ ಜಕಾತಾದ ಉಶ್ರ್ ವಿಚಾರದಲ್ಲಂತೂ ಕುರ್‌ಆನ್ ಕಾಲವನ್ನು ಸ್ಪಷ್ಟವಾಗಿಯೇ ಹೇಳಿದೆ: ಕೊಯ್ಲಿನ ದಿನವೇ ಅದರ ಹಕ್ಕನ್ನು ಕೊಡಿರಿ. ಮಳೆಯ ನೀರಿನಲ್ಲಿ ಬೆಳೆದದ್ದಕ್ಕೆ ಹತ್ತರಲ್ಲೊಂದು ಪಾಲು, ಖರ್ಚು ಮಾಡಿ ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ಮುಸ್ಲಿಂ ರೈತರು ಹರಿಹರ, ಮಲೇಬೆನ್ನೂರು ಕಡೆ ಬೇಕಾದಷ್ಟು ಜನರಿದ್ದಾರೆ. ಮಳೆಗಾಲದ ಭತ್ತ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರಿನಲ್ಲಿ, ಅಂದರೆ ಜಗಳೂರಿನ ಮನೆಗಳಲ್ಲಿ ಆಡನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಮಾತು ನಡೆಯುವ ಸಮಯಕ್ಕೆ ಸರಿಯಾಗಿ. ನೂರು ಚೀಲ ಬೆಳೆದವರು ಐದು ಚೀಲವನ್ನು ಆಗಲೇ ತೆಗೆದಿಟ್ಟರೆ ಅದು ಕೆಲವು ಮನೆಗಳ ಚಳಿಗಾಲದ ಅನ್ನವಾಗುತ್ತದೆ. ಈ ಪದ್ಧತಿ ನಮ್ಮ ಕಡೆ ಬಹುಮಟ್ಟಿಗೆ ಮರೆತೇ ಹೋಗಿದೆ, ಶುಕ್ರವಾರದ ಬಯಾನುಗಳಲ್ಲಿ, ಅಂದರೆ ಮಸೀದಿಯ ಪ್ರವಚನಗಳಲ್ಲಿಯೂ, ಇದರ ಮಾತು ಕಡಿಮೆ. ನನಗೆ ಇದು ಬಹಳ ನೋವಿನ ವಿಷಯ.

ಸಾಲದ ವಿಷಯಕ್ಕೂ ಇಷ್ಟೇ ಗಮನ ಬೇಕು. ಜಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನಿನ ಒಂಬತ್ತನೆಯ ಅಧ್ಯಾಯದ 60ನೆಯ ವಚನ ಹೇಳುವ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಬ್ಬರು. ಆದರೂ ನಾವು ಹೆಚ್ಚಿನದನ್ನು ಕಿಟ್ಟಿಗೇ ಹಾಕುತ್ತೇವೆ. ಕಿಟ್ ಮುಗಿದ ಮರುದಿನವೂ ಅಂಗಡಿಯ ಉದ್ರಿ ಪುಸ್ತಕದಲ್ಲಿ ಆ ಮನೆಯ ಹೆಸರಿನ ಮುಂದೆ ಬರೆದ ಮೊತ್ತ ಹಾಗೆಯೇ ಇರುತ್ತದೆ, ಹಳೆಯದನ್ನು ತೀರಿಸುವವರೆಗೆ ಹೊಸ ಉದ್ರಿ ಹುಟ್ಟುವುದಿಲ್ಲ. ಇಸ್ಲಾಮಿನ ಕಾನೂನು ಪಂಥಗಳಲ್ಲೊಂದಾದ ಹನಫಿ ಮತದ ಪ್ರಕಾರ ಜಕಾತ್ ಹಣ ಬಡವರ ಸ್ವಂತ ಸ್ವತ್ತಾಗಬೇಕು. ಅವರ ಒಪ್ಪಿಗೆ ಪಡೆದು ಅವರ ಸಾಲವನ್ನು ನಾವೇ ಕಟ್ಟಿದರೂ ಅದು ಸಲ್ಲುತ್ತದೆ. ಇದೇ ಕಾರಣಕ್ಕೆ ಜಕಾತ್ ಹಣದಲ್ಲಿ ಊರಿಗೆ ಕೊಳವೆಬಾವಿ ಕೊರೆಸಲು ಬರುವುದಿಲ್ಲ. ಅದಕ್ಕೆ ಸದಕಾ, ಅಂದರೆ ಸ್ವಇಚ್ಛೆಯ ದಾನ, ಇದೆ. ತೀರಿಕೊಂಡ ತಾಯಿಯ ಹೆಸರಿನಲ್ಲಿ ಯಾವ ದಾನ ಮಾಡಲಿ ಎಂದು ಪ್ರವಾದಿಯವರ ಸಂಗಾತಿ ಸಅದ್ ಇಬ್ನ್ ಉಬಾದಾ ಅವರು ಪ್ರವಾದಿಯವರನ್ನು ಕೇಳಿದಾಗ ನೀರು ಎಂಬ ಉತ್ತರ ಸಿಕ್ಕಿತು, ಅವರು ಬಾವಿ ತೋಡಿಸಿದರು. ಜಗಳೂರಿನಂತೆ ಅಂತರ್ಜಲದಲ್ಲಿ ಫ್ಲೋರೈಡ್ ಇರುವ ತಾಲ್ಲೂಕಿನಲ್ಲಿ ಕೊಳವೆಬಾವಿಗಿಂತ ಶುದ್ಧ ಕುಡಿಯುವ ನೀರಿನ ಘಟಕವನ್ನು ನಡೆಸಿಕೊಂಡು ಹೋಗಲು ನೆರವಾಗುವುದೇ ಮೇಲೆಂದು ನನಗೆ ತೋರುತ್ತದೆ. ಘಟಕಗಳು ಇವೆ, ಕೆಟ್ಟಾಗ ರಿಪೇರಿ ಮಾಡಿಸುವವರಿಲ್ಲ.

ತಡವಾದರೆ ಏನಾಗುತ್ತದೆಂಬುದಕ್ಕೆ ಸೊಮಾಲಿಯಾವನ್ನು ನೆನೆಯಬೇಕು. ಅಲ್ಲಿ ಕ್ಷಾಮವಿದೆಯೆಂದು ವಿಶ್ವಸಂಸ್ಥೆ ಘೋಷಿಸಿದ್ದು 2011ರ ಜುಲೈ 20ರಂದು, ರಂಜಾನಿಗೆ ಕೆಲವೇ ದಿನ ಮೊದಲು. ಜಗತ್ತಿನ ಮೂಲೆಮೂಲೆಗಳಿಂದ ಜನ ಉದಾರವಾಗಿ ಕೊಟ್ಟರು. ಆದರೆ ಆ ಕ್ಷಾಮದಲ್ಲಿ ಸತ್ತ ಸುಮಾರು 2 ಲಕ್ಷ 60 ಸಾವಿರ ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಘೋಷಣೆಗೆ ಮೊದಲೇ ತೀರಿಹೋಗಿದ್ದರೆಂದು ನಂತರದ ಅಧ್ಯಯನ ಕಂಡುಕೊಂಡಿತು. ಸತ್ತವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ನಮ್ಮ ಹಳ್ಳಿಗಳ ಸ್ಥಿತಿಯನ್ನು ಅದಕ್ಕೆ ಹೋಲಿಸಲಾಗದು. ಇಲ್ಲಿ ಪಡಿತರವಿದೆ, ಅಂಗನವಾಡಿಯಿದೆ, ಬಿಸಿಯೂಟವಿದೆ. ಮಳೆ ಕೈಕೊಟ್ಟದ್ದು ಗೊತ್ತಾದ ಮೇಲೂ ಯಾರೋ ಹೆಸರಿಟ್ಟು ಕರೆಯುವವರೆಗೆ ಕಾಯುವ ಅಭ್ಯಾಸ ಮಾತ್ರ ಎಲ್ಲ ಕಡೆಯೂ ಒಂದೇ.

ಜಕಾತ್ ಮುಸ್ಲಿಮರಿಗೇ ಸಲ್ಲಬೇಕೆಂದು ಬಹುಪಾಲು ಉಲಮಾಗಳು, ಅಂದರೆ ಧರ್ಮವಿದ್ವಾಂಸರು, ಹೇಳುತ್ತಾರೆ. ಸದಕಾಕ್ಕೆ ಆ ಮಿತಿಯಿಲ್ಲ. ನದಾಫರ ಮನೆಗಳ ಆಚೆಯೇ ನಾಯಕರ ಕೇರಿ, ಗೊಲ್ಲರ ಹಟ್ಟಿ ಇರುತ್ತವೆ. ಅವರ ಹೊಲಗಳಿಗೂ ಮಳೆ ಬಂದಿಲ್ಲ. ನೆರೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವವನು ವಿಶ್ವಾಸಿಯಲ್ಲ ಎನ್ನುವ ಹದೀಸು ನೆರೆಯವನ ಜಾತಿ ಧರ್ಮ ಕೇಳಿಲ್ಲ. ಆದ್ದರಿಂದ ನಮ್ಮ ಮೊಹಲ್ಲಾದಲ್ಲಿ ಸದಕಾದ ಲೆಕ್ಕವನ್ನು ಬೇರೆಯೇ ಪುಸ್ತಕದಲ್ಲಿ ಬರೆಯುತ್ತೇವೆ. ಅದರಿಂದ ಕೊಳ್ಳುವ ರಾಗಿ, ಮೇವು ಯಾವ ಮನೆಗೆ ಹೋಗಬೇಕೆಂಬುದನ್ನು ಊರಿನವರೇ ಕೂತು ತೀರ್ಮಾನಿಸುತ್ತಾರೆ.

ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಮಾರ್ಚ್ ಆರಂಭಕ್ಕೆ ಬಂದ ಉಪವಾಸ 2026ರಲ್ಲಿ ಫೆಬ್ರುವರಿಗೆ, 2028ರಲ್ಲಿ ಜನವರಿಯ ಕೊನೆಗೆ ಬರುತ್ತದೆ. 2030ರಲ್ಲಿ ಒಂದೇ ವರ್ಷ ಎರಡು ಸಲ, ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಆರಂಭವಾಗುತ್ತದೆ. ಹೀಗೆ ಮುಂದಿನ ಕೆಲವು ವರ್ಷ ನಮ್ಮ ದಾನದ ತಿಂಗಳು ಗುಳೆಯ ತಿಂಗಳಿನ ಮೇಲೆಯೇ ಬರುತ್ತದೆ. ಪಟ್ಟಿ ಮೊದಲೇ ಸಿದ್ಧವಿದ್ದರೆ ಉಪವಾಸದ ಮೊದಲ ವಾರದಲ್ಲೇ ಹಣ ಮುಟ್ಟಿಸಬಹುದು, ಕೊನೆಯ ಹತ್ತು ರಾತ್ರಿಗಳಿಗೆ ಫಿತ್ರಾ (ಹಬ್ಬದ ನಮಾಜಿಗೆ ಮುಂಚೆ ಬಡವರಿಗೆ ಕೊಡುವ ದಾನ) ಮತ್ತು ಹಬ್ಬದ ಖರ್ಚನ್ನಷ್ಟೇ ಉಳಿಸಿಕೊಳ್ಳಬಹುದು. ನಾವು ದೀಪಾವಳಿಯ ಹೊತ್ತಿಗೆ ಪಟ್ಟಿ ಮಾಡಲು ತೊಡಗಿದ್ದೇವೆ. ಹಳ್ಳಿಯ ಕಿರಾಣಿಯವರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಈ ಮೂವರನ್ನು ಕೇಳಿದರೆ ಯಾರ ಮನೆಯಲ್ಲಿ ಒಲೆ ಒಂದೇ ಹೊತ್ತು ಉರಿಯುತ್ತಿದೆಯೆಂದು ತಿಳಿಯುತ್ತದೆ; ತಾವಾಗಿ ಕೈಚಾಚದವರ ಹೆಸರುಗಳು ಸಿಗುವುದೂ ಇವರಿಂದಲೇ. ಪಟ್ಟಿಯನ್ನು ಮಸೀದಿಯ ಗೋಡೆಗೆ ಅಂಟಿಸುವುದಿಲ್ಲ, ಕೊಡುವಾಗ ಫೋಟೊ ತೆಗೆಯುವುದಿಲ್ಲ. ಕಿಟ್ಟಿನಲ್ಲಿ ಗೋಧಿ ಹಿಟ್ಟಿನ ಬದಲು ರಾಗಿ ಹಾಕುತ್ತಿದ್ದೇವೆ. ಮಲೇಬೆನ್ನೂರು ಕಡೆಯ ಭತ್ತದ ರೈತರ ಬಳಿ ಹೋಗಿ ಉಶ್ರ್ ಬಗ್ಗೆ ಮಾತಾಡುವುದು ಇನ್ನೂ ಬಾಕಿ ಇದೆ. ಅದಕ್ಕೆ ಕೊಯ್ಲಿಗೆ ಮುಂಚೆಯೇ ಹೋಗಬೇಕು, ಮಸಲೆಯನ್ನು, ಅಂದರೆ ಧಾರ್ಮಿಕ ನಿಯಮವನ್ನು, ಬಲ್ಲ ಮೌಲಾನಾ ಒಬ್ಬರು ಜೊತೆಗಿರಬೇಕು.