ಅಮೆರಿಕದವರಿಗೆ ಸುಶಿ ಹಿಡಿಸಿದ್ದು ಹೇಗೆ ಎಂದು ಕೇಳುವವರಿಗೆ

ಲಾಸ್ ಏಂಜಲೀಸ್‌ನಲ್ಲಿರುವ ನನ್ನ ಮನೆಗೆ ಊರಿನಿಂದ ಬರುವ ಬಂಧುಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಕಳೆದ ಬಾರಿ ಬಂದವರೊಬ್ಬರು ಊಟದ ನಡುವೆ, "ಹಸಿ ಮೀನು ತಿನ್ನುವಂತೆ ಈ ಜನರನ್ನು ಅದು ಹೇಗೆ ಮರುಳು ಮಾಡಿದರು?" ಎಂದರು. ಯಾರೂ ಯಾರನ್ನೂ ಮರುಳು ಮಾಡಲಿಲ್ಲ. ಸುಶಿ ಎಂಬ ಈ ಜಪಾನಿ ತಿನಿಸಿಗೆ ಆಧಾರ ವಿನೆಗರ್ ಬೆರೆಸಿದ ಅನ್ನವೇ ಹೊರತು ಹಸಿ ಮೀನಲ್ಲ. ಬೇಯಿಸಿದ ಸಿಗಡಿಯನ್ನೋ ಮೊಟ್ಟೆಯನ್ನೋ ಇಟ್ಟರೂ ಅದು ಸುಶಿಯೇ.

ಅದು ಹರಡಿದ್ದರ ಹಿಂದೆ ವ್ಯಾಪಾರಿಗಳ ದುಡಿಮೆಯಿದೆ. ಜಪಾನಿನ ಆಹಾರ ಪದಾರ್ಥಗಳನ್ನು ಆಮದು ಮಾಡುತ್ತಿದ್ದ ಮ್ಯೂಚುವಲ್ ಟ್ರೇಡಿಂಗ್ ಸಂಸ್ಥೆಯ ನೊರಿತೊಶಿ ಕನಾಯ್ ಅವರ ಒತ್ತಾಸೆಯಿಂದ 1960ರ ದಶಕದ ನಡುವೆ, ಲಾಸ್ ಏಂಜಲೀಸ್‌ನ ಜಪಾನಿ ಬಡಾವಣೆಯಾದ ಲಿಟಲ್ ಟೋಕಿಯೋದ ಕಾವಾಫುಕು ಹೋಟೆಲಿನಲ್ಲಿ, ಗಿರಾಕಿಯ ಕಣ್ಣೆದುರೇ ಸುಶಿ ಮಾಡಿಕೊಡುವ ಸುಶಿ ಬಾರ್ ಆರಂಭವಾಯಿತು. ಮೊದಲು ಬಂದವರು ಜಪಾನಿ ಕಂಪನಿಗಳ ಅಧಿಕಾರಿಗಳು. ಅವರು ತಮ್ಮ ಅಮೆರಿಕನ್ ಸಹೋದ್ಯೋಗಿಗಳನ್ನು ಕರೆತಂದರು. 1970ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ ಪಕ್ಕದಲ್ಲಿ ಓಶೋ ಎಂಬ ಸುಶಿ ಅಂಗಡಿ ತೆರೆದ ಮೇಲೆ ಸಿನಿಮಾ ನಟರೂ ಗಿರಾಕಿಗಳಾದರು. 1977ರಲ್ಲಿ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅಧ್ಯಕ್ಷತೆಯ ಸಮಿತಿಯು ಕೊಬ್ಬನ್ನು ತಗ್ಗಿಸಿ ಮೀನನ್ನು ಹೆಚ್ಚು ತಿನ್ನಬೇಕೆಂದು ಹೇಳಿದ್ದು ಆರೋಗ್ಯದ ಚಿಂತೆಯಲ್ಲಿದ್ದವರನ್ನೂ ಅತ್ತ ತಿರುಗಿಸಿತು. ಇನ್ನು ಕ್ಯಾಲಿಫೋರ್ನಿಯಾ ರೋಲ್ ಎಂಬ ಸುರುಳಿ ಸುಶಿ: ಟ್ಯೂನಾ ಮೀನಿನ ಕೊಬ್ಬಿನ ಭಾಗದ ಬದಲು ಬೆಣ್ಣೆಹಣ್ಣು, ಜೊತೆಗೆ ಏಡಿ, ಕಡಲಪಾಚಿಯ ಹಾಳೆ ಕಣ್ಣಿಗೆ ಬೀಳದಂತೆ ಹೊರಗಡೆ ಅನ್ನ. ಇದನ್ನು ಮೊದಲು ಮಾಡಿದವರು ಟೋಕಿಯೋ ಕೈಕಾನ್ ಹೋಟೆಲಿನ ಇಚಿರೋ ಮಶಿತಾ ಎಂದು ಇಲ್ಲಿನವರು ಹೇಳಿದರೆ, ವ್ಯಾಂಕೂವರಿನ ಹಿದೆಕಾಜು ತೋಜೋ ತಾನೇ ಎನ್ನುತ್ತಾರೆ. ಆ ಜಗಳ ನನಗೆ ಬೇಡ.

ನನ್ನನ್ನು ಕೇಳಬೇಕಾದದ್ದು ಬೇರೆ: ಅಮೆರಿಕದ ನೆಲದಲ್ಲಿ ಅದಕ್ಕೂ ಮುಂಚೆ ಸುಶಿ ತಿನ್ನುತ್ತಿದ್ದವರಿಗೆ ಏನಾಯಿತು? ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಲಿಟಲ್ ಟೋಕಿಯೋದಲ್ಲಿ ಸುಶಿ ಅಂಗಡಿಗಳಿದ್ದವು. 1924ರ ಕಾನೂನು ಜಪಾನಿನಿಂದ ಬರುವ ವಲಸೆಯನ್ನು ನಿಲ್ಲಿಸಿತು. ಜಪಾನಿನೊಂದಿಗೆ ಯುದ್ಧ ನಡೆಯುತ್ತಿದ್ದ 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆದೇಶದ ಮೇರೆಗೆ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಹೊಲ, ಅಂಗಡಿಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಅಮೆರಿಕದ ಪೌರರೇ ಆಗಿದ್ದರು. ಬಿಡುಗಡೆಯಾಗಿ ಬಂದವರಲ್ಲಿ ಅನೇಕರು ಎಲ್ಲವನ್ನೂ ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಕಾವಾಫುಕುವಿನಲ್ಲಿ ಅಮೆರಿಕನ್ನರು ಬೆರಗಿನಿಂದ ಸುಶಿ ತಿಂದದ್ದು ಇದಾಗಿ ಕೇವಲ ಎರಡು ದಶಕಗಳ ನಂತರ, ಅದೇ ಬೀದಿಗಳಲ್ಲಿ.