ಎರಡನೇ ಪ್ಯಾಡಲ್ ಯಾರದು?

ಪ್ರತಿ ಸಲ ಐಪಿಎಲ್ ಹರಾಜು ಮುಗಿದ ಮೇಲೆ ನನ್ನ ಫೋನಿಗೆ ಬರುವ ಮೆಸೇಜು ಹೆಚ್ಚುಕಡಿಮೆ ಒಂದೇ. "ಅವನಿಗೆ ಅಷ್ಟೊಂದು ದುಡ್ಡಾ?" ಇಲ್ಲಾಂದ್ರೆ ಅದರ ಉಲ್ಟಾ, "ಅಂಥಾ ಆಟಗಾರನನ್ನ ಯಾಕೆ ಬಿಟ್ರಿ?" ನಾನು ಒಂದು ತಂಡಕ್ಕೆ ಡೇಟಾ ಅನಲಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಯಾವ ತಂಡ ಅಂತ ಹೇಳುವಂತಿಲ್ಲ, ಒಪ್ಪಂದದಲ್ಲಿ ಹಾಗೆ ಬರೆದಿದೆ. ಪ್ಯಾಡಲ್, ಅಂದರೆ ಹರಾಜಿನಲ್ಲಿ ಕೂಗಲು ಎತ್ತುವ ಫಲಕ, ಅದನ್ನು ಎತ್ತುವವನು ನಾನಲ್ಲ, ಎತ್ತುವವರ ಹಿಂದೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂರುವವರಲ್ಲಿ ಒಬ್ಬ ಅಷ್ಟೇ. ನಮ್ಮ ಸೋದರಮಾವನಿಗೆ ಮಾತ್ರ ನಾನೇ ಕೈಯಾರೆ ಕೋಟಿ ಕೋಟಿ ಸುರಿಯುತ್ತಿದ್ದೇನೆ ಅನ್ನೋ ನಂಬಿಕೆ.

ಹೊರಗಿನಿಂದ ನೋಡುವವರು ಆಟಗಾರನಿಗೆ ಒಂದು ಬೆಲೆ ಇದೆ ಅಂದುಕೊಳ್ಳುತ್ತಾರೆ. ಸ್ಟ್ರೈಕ್ ರೇಟ್, ಎಕಾನಮಿ, ಡೆತ್ ಓವರ್, ವಯಸ್ಸು ಎಲ್ಲ ಹಾಕಿ ಲೆಕ್ಕ ಮಾಡಿದರೆ ಇಷ್ಟು ಕೋಟಿ ಅಂತ ಬರುತ್ತದೆ, ಅದಕ್ಕಿಂತ ಜಾಸ್ತಿ ಕೊಟ್ಟವರು ದಡ್ಡರು, ಕಡಿಮೆಗೆ ಹೊಡೆದವರು ಜಾಣರು ಅಂತ. ಆ ಲೆಕ್ಕ ನಾವೂ ಮಾಡುತ್ತೇವೆ, ತಿಂಗಳುಗಟ್ಟಲೆ ಮಾಡುತ್ತೇವೆ. ಆದರೆ ಹರಾಜಿನ ಟೇಬಲ್ ಮುಂದೆ ಕೂತಾಗ ಬೆಲೆ ಹುಟ್ಟುವುದು ಬೇರೆ ಕಡೆ. ಕೊನೆಯವರೆಗೂ ಜಗ್ಗಾಡಿ ಸೋತ ತಂಡ ಇರುತ್ತದಲ್ಲ, ಅಂದರೆ ಎರಡನೇ ಪ್ಯಾಡಲ್, ಅದು ಎಲ್ಲಿ ಕೈ ಇಳಿಸಿತೋ ಅಲ್ಲಿಗೆ ಬೆಲೆ ನಿಂತಿತು. ಗೆದ್ದವರು ಕೊಟ್ಟಿದ್ದು ಅದರ ಮೇಲೆ ಒಂದೇ ಒಂದು ಮೆಟ್ಟಿಲು.

2023ರ ಡಿಸೆಂಬರ್ 19, ದುಬೈ. ಪ್ಯಾಟ್ ಕಮ್ಮಿನ್ಸ್ ಹೈದರಾಬಾದಿಗೆ 20.50 ಕೋಟಿಗೆ ಹೋದರು. ಐಪಿಎಲ್‌ನಲ್ಲಿ 20 ಕೋಟಿ ದಾಟಿದ ಮೊದಲ ಆಟಗಾರ ಅಂತ ಎಲ್ಲರೂ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದೇ ತಡ, ಅದೇ ದಿನ ಮಿಚೆಲ್ ಸ್ಟಾರ್ಕ್ 24.75 ಕೋಟಿಗೆ ಕೋಲ್ಕತ್ತಾ ಸೇರಿದರು. ಸ್ಟಾರ್ಕ್ ಅವರಿಗೆ ಮೊದಲು ಕೂಗಿದ್ದು ಡೆಲ್ಲಿ ಮತ್ತು ಮುಂಬೈ. ಅವರಿಬ್ಬರೂ ಸುಸ್ತಾದ ಮೇಲೆ ಕೋಲ್ಕತ್ತಾ ಮತ್ತು ಗುಜರಾತ್ ಹಿಡಿದುಕೊಂಡವು. ಈಗ ಯೋಚನೆ ಮಾಡಿ, ಗುಜರಾತ್ ಅವತ್ತು ಆ ಆಟಕ್ಕೇ ಇಳಿಯದಿದ್ದರೆ? ಅದೇ ಸ್ಟಾರ್ಕ್, ಅದೇ ಎಡಗೈ, ಅದೇ ಯಾರ್ಕರ್. ಬೆಲೆ ಮಾತ್ರ ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು.

ಚೀಟಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮಗೆ ದುಡ್ಡಿನ ಅವಸರ ಎಷ್ಟೇ ಇರಲಿ, ಆ ತಿಂಗಳು ಇನ್ನೊಬ್ಬರ ಮನೆಯಲ್ಲಿ ಮದುವೆ ಇಲ್ಲದಿದ್ದರೆ ಚೀಟಿ ಸಲೀಸಾಗಿ ನಿಮ್ಮದು. ಮದುವೆ ಇದ್ದರೆ ಮಾತ್ರ ಕೂಗು ಏರುತ್ತದೆ, ಕೈಗೆ ಬರುವ ದುಡ್ಡು ಕರಗುತ್ತದೆ.

ಹಾಗಾಗಿ ನನ್ನ ಕೆಲಸದಲ್ಲಿ ಎರಡು ಶೀಟ್ ಇವೆ. ಒಂದು ಆಟಗಾರರದ್ದು. ಇದರ ಬಗ್ಗೆ ಎಲ್ಲರಿಗೂ ಪ್ರೀತಿ, ಮೀಟಿಂಗಿನಲ್ಲಿ ತೋರಿಸಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಇನ್ನೊಂದು ಬೇರೆ ಒಂಬತ್ತು ಟೇಬಲ್‌ಗಳದ್ದು, ಅಂದರೆ ಉಳಿದ ತಂಡಗಳ ಹತ್ತಿರ ಎಷ್ಟು ದುಡ್ಡಿದೆ, ಯಾವ ಜಾಗ ಖಾಲಿ ಇದೆ ಅನ್ನೋ ಲೆಕ್ಕ. ಹೊಸದಾಗಿ ಸೇರುವ ಹುಡುಗರಿಗೆ ಇದು ಗುಮಾಸ್ತೆ ಕೆಲಸ ಅನ್ನಿಸುತ್ತದೆ, ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಆದರೆ ಹರಾಜಿನ ದಿನ ಮುಂದೆ ಕೂತವರು ಹಿಂದೆ ತಿರುಗಿ ಕೇಳುವ ಪ್ರಶ್ನೆ "ಇವನ ಸ್ಟ್ರೈಕ್ ರೇಟ್ ಎಷ್ಟು" ಅಂತ ಇರುವುದಿಲ್ಲ. "ಅವರ ಹತ್ತಿರ ಇನ್ನೆಷ್ಟಿದೆ?" ಅಂತ ಇರುತ್ತದೆ. ಅದೂ ಸುತ್ತಿಗೆ ಬೀಳುವ ಮೊದಲು ಉತ್ತರ ಬೇಕು.

ಎಷ್ಟಿದೆ ಅನ್ನೋದು ಸುಲಭ, ಪರದೆ ಮೇಲೇ ಬರುತ್ತದೆ. ಅದರಲ್ಲಿ ನಿಜವಾಗಿ ಖರ್ಚು ಮಾಡಲು ಬರುವುದು ಎಷ್ಟು ಅನ್ನೋದು ಕಷ್ಟ. ಒಂದು ತಂಡದ ಪರ್ಸಿನಲ್ಲಿ 30 ಕೋಟಿ ಉಳಿದಿದೆ ಅಂತ ಇಟ್ಟುಕೊಳ್ಳಿ. ಕನಿಷ್ಠ 18 ಜನರ ತಂಡ ಕಟ್ಟಲೇಬೇಕು, ಅವರ ಹತ್ತಿರ ಇನ್ನೂ ವಿಕೆಟ್ ಕೀಪರ್ ಇಲ್ಲ, ಆರಂಭದ ಓವರ್ ಹಾಕುವ ಎಡಗೈ ವೇಗಿ ಇಲ್ಲ, ವಿದೇಶಿ ಆಟಗಾರರ ಎಂಟು ಜಾಗದಲ್ಲಿ ಒಂದು ಮಾತ್ರ ಬಾಕಿ. ಅಂಥಾ ತಂಡ ಈಗ ಬಂದ ವಿದೇಶಿ ಆಲ್‌ರೌಂಡರ್‌ಗೆ ಪ್ಯಾಡಲ್ ಎತ್ತಿದರೂ ತುಂಬಾ ದೂರ ಬರುವುದಿಲ್ಲ. ಸುಮ್ನೆ ನಮ್ಮ ಪರ್ಸು ಕರಗಿಸಲು ಎತ್ತುತ್ತಿದ್ದಾರೆ ಅಂತ ಅರ್ಥ. ಹೌದು, ಹಾಗೂ ಮಾಡುತ್ತಾರೆ. ನಾವೂ ಮಾಡುತ್ತೇವೆ. ಅಪಾಯ ಏನಪ್ಪಾ ಅಂದ್ರೆ ಎದುರಿನವರು ಥಟ್ಟನೆ ಕೈ ಇಳಿಸಿದರೆ ಬೇಡದ ಆಟಗಾರ ನಮ್ಮ ಕೊರಳಿಗೆ ಬೀಳುತ್ತಾನೆ.

ನಮ್ಮ ತಂಡದಲ್ಲಿ ಈ ಶೀಟನ್ನು ಕಂಪ್ಯೂಟರಿನ ಜೊತೆಗೆ ಕಾಗದದ ಮೇಲೂ ಇಡುತ್ತೇವೆ. ಉದ್ದನೆ ಎ3 ಹಾಳೆ, ಒಂದು ಸಾಲಿಗೆ ಒಂದು ತಂಡ, ಪೆನ್ಸಿಲಿನಲ್ಲಿ ಬರೆಯುವುದು. ಒಬ್ಬ ಆಟಗಾರ ಮಾರಾಟವಾದ ತಕ್ಷಣ ಆ ಸಾಲಿನ ಮೊತ್ತ ಅಳಿಸಿ ಹೊಸದು ಬರೆಯಬೇಕು, ಅವರು ತುಂಬಿಕೊಂಡ ಜಾಗಕ್ಕೆ ಅಡ್ಡಗೆರೆ ಎಳೆಯಬೇಕು. ಮಧ್ಯಾಹ್ನದ ಹೊತ್ತಿಗೆ ಹಾಳೆಯ ತುಂಬ ರಬ್ಬರಿನ ಕಸ, ಕೆಲವು ಕಡೆ ಉಜ್ಜಿ ಉಜ್ಜಿ ತೂತೇ ಬಿದ್ದಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ತಾನಾಗಿ ಬದಲಾಗುತ್ತದೆ, ನಿಜ. ಆದರೆ ಅಡ್ಡಗೆರೆ ಎಳೆದ ಕೈಗೆ ಆ ತಂಡದ ಹಸಿವು ಎಷ್ಟು ಉಳಿದಿದೆ ಅನ್ನೋದು ನೆನಪಿರುತ್ತದೆ. ಎದುರು ಟೇಬಲ್ಲಿನಲ್ಲಿ ಇಬ್ಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡಲು ಶುರು ಮಾಡಿದರೆ ಸಾಕು, ಮುಂದಿನ ಸೆಟ್‌ನಲ್ಲಿ, ಅಂದರೆ ಒಟ್ಟಿಗೆ ಹರಾಜಿಗೆ ಬರುವ ಆಟಗಾರರ ಗುಂಪಿನಲ್ಲಿ, ಯಾರ ಹೆಸರಿಗೆ ಕಾಯುತ್ತಿದ್ದಾರೆ ಅಂತ ಊಹೆ ಮಾಡಬಹುದು.

ಇದಕ್ಕೆ ಒಳ್ಳೆ ಉದಾಹರಣೆ ನಮ್ಮ ಕೃಷ್ಣಪ್ಪ ಗೌತಮ್. 2021ರ ಫೆಬ್ರವರಿ, ಚೆನ್ನೈ ಹರಾಜು. ಮೂಲ ಬೆಲೆ 20 ಲಕ್ಷ. ಭಾರತಕ್ಕೆ ಇನ್ನೂ ಆಡಿರಲಿಲ್ಲ. ಕೋಲ್ಕತ್ತಾ ಮತ್ತು ಹೈದರಾಬಾದ್ ಮೊದಲು ಹಟಕ್ಕೆ ಬಿದ್ದವು, ಕೊನೆಯಲ್ಲಿ ಚೆನ್ನೈ ನುಗ್ಗಿ 9.25 ಕೋಟಿಗೆ ಎತ್ತಿಕೊಂಡು ಹೋಯಿತು. ಭಾರತಕ್ಕೆ ಇನ್ನೂ ಆಡದ ಭಾರತೀಯ ಆಟಗಾರನೊಬ್ಬನಿಗೆ ಅಲ್ಲಿಯವರೆಗೆ ಅಷ್ಟು ದುಡ್ಡು ಸಿಕ್ಕಿರಲೇ ಇಲ್ಲ. ಆಫ್ ಸ್ಪಿನ್ ಹಾಕಿ, ಕೆಳಗೆ ಬಂದು ಸಿಕ್ಸರ್ ಹೊಡೆಯುವ ಭಾರತೀಯ ಅವತ್ತು ಮೂರು ಟೇಬಲ್ಲಿಗೆ ಒಟ್ಟಿಗೆ ಬೇಕಾಗಿದ್ದ. ಆ ಸೀಸನ್ ಚೆನ್ನೈ ಕಪ್ ಗೆದ್ದಿತು, ಗೌತಮ್ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಮರುವರ್ಷ ಬೆಂಗಳೂರಿನ ಹರಾಜಿನಲ್ಲಿ ಲಖನೌ ಅವರನ್ನು 90 ಲಕ್ಷಕ್ಕೆ ಕೊಂಡಿತು. ಒಂದು ವರ್ಷದಲ್ಲಿ ಬೌಲಿಂಗ್ ಹತ್ತು ಪಟ್ಟು ಕೆಟ್ಟುಹೋಯಿತಾ? ಇಲ್ಲ. ಎರಡನೇ ಟೇಬಲ್ಲಿನ ಹಟ ಖಾಲಿಯಾಗಿತ್ತು. ಬೇಜಾರಿನ ಸಂಗತಿ ಅಂದರೆ ಜನ ಬೈಯುವುದು ಆಟಗಾರನಿಗೆ. ಆತ ಮೂಲ ಬೆಲೆ ಬರೆದು ಸಹಿ ಹಾಕಿದ್ದು ಬಿಟ್ಟರೆ ಆ ಅಂಕಿಯಲ್ಲಿ ಅವನ ಪಾತ್ರ ಏನೂ ಇಲ್ಲ.

ವೆಂಕಟೇಶ್ ಅಯ್ಯರ್ ಕತೆಯನ್ನು ನಾನು ಹೊಸಬರಿಗೆ ಪಾಠದ ಥರ ಹೇಳುತ್ತೇನೆ. 2024ರ ನವೆಂಬರ್, ಜೆಡ್ಡಾ. ಕೋಲ್ಕತ್ತಾ ಆರು ಜನರನ್ನು ಉಳಿಸಿಕೊಂಡಿತ್ತು, ಹಾಗಾಗಿ ಆರ್‌ಟಿಎಂ ಕಾರ್ಡ್ (ಬಿಟ್ಟ ಆಟಗಾರನನ್ನು ಹರಾಜಿನಲ್ಲಿ ವಾಪಸ್ ಪಡೆಯಲು ಹಳೆ ತಂಡಕ್ಕೆ ಸಿಗುವ ಹಕ್ಕು) ಒಂದೂ ಕೈಯಲ್ಲಿರಲಿಲ್ಲ. ತನ್ನದೇ ಹಳೆ ಆಟಗಾರ ವೆಂಕಟೇಶ್ ಬೇಕೆಂದರೆ ಎಲ್ಲರ ಹಾಗೆ ಕೂಗಿಯೇ ತಗೋಬೇಕು. ಇದು ಆ ಹಾಲಿನಲ್ಲಿ ಕೂತ ಎಲ್ಲರಿಗೂ ಗೊತ್ತು. ಎದುರು ನಿಂತಿದ್ದು ಆರ್‌ಸಿಬಿ. ಕೊನೆಗೆ 23.75 ಕೋಟಿ. ಆ ಸಂಜೆ ಆರ್‌ಸಿಬಿ ಅಭಿಮಾನಿಗಳು ತಂಡದ ಮೇಲೆ ಎಷ್ಟು ಉಗಿದರು ಅಂದರೆ, ಕೆ.ಎಲ್. ರಾಹುಲ್ ಅವರನ್ನೂ ತರಲಿಲ್ಲ, ಇವರನ್ನೂ ತರಲಿಲ್ಲ, ಪರ್ಸ್ ಹಿಡಿದುಕೊಂಡು ಪೂಜೆ ಮಾಡ್ತಾರಾ ಅಂತ.

ಈಗ ಸ್ವಲ್ಪ ಕೂಡಿಸಿ ನೋಡಿ. ಆರ್‌ಸಿಬಿ ಕೊನೆಯದಾಗಿ ಕೂಗಿದ್ದು 23.50 ಕೋಟಿಗೆ. ಅದೇ ದಿನ, ಅದಾದ ಮೇಲೆ, ಜೋಶ್ ಹೇಜಲ್‌ವುಡ್ 12.50ಕ್ಕೆ ಬಂದರು, ಜಿತೇಶ್ ಶರ್ಮಾ 11ಕ್ಕೆ. ಎರಡೂ ಸೇರಿಸಿದರೆ 23.50. ಕಾಕತಾಳೀಯ ಇರಬಹುದು, ಆದರೆ ನಮ್ಮ ಕೆಲಸದಲ್ಲಿ ಕೈ ಇಳಿಸುವುದು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ತೋರಿಸಲು ಆಗುವುದಿಲ್ಲ. 2025ರಲ್ಲಿ ಹೇಜಲ್‌ವುಡ್ 22 ವಿಕೆಟ್ ತೆಗೆದರು, ಫೈನಲ್‌ನಲ್ಲಿ ಜಿತೇಶ್ 10 ಎಸೆತಕ್ಕೆ 24 ಹೊಡೆದರು, ಕಪ್ ನಮ್ದಾಯ್ತು. ವೆಂಕಟೇಶ್‌ಗೆ ಆ ಸೀಸನ್ ಕೈಕೊಟ್ಟಿತು, ಕೋಲ್ಕತ್ತಾ ಬಿಟ್ಟುಕೊಟ್ಟಿತು, 2025ರ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ಅದೇ ಆರ್‌ಸಿಬಿ ಅವರನ್ನು 7 ಕೋಟಿಗೆ ತಂದಿತು.

ಹೆಸರು ಯಾವಾಗ ಬರುತ್ತದೆ ಅನ್ನೋದೂ ಇದೇ ಲೆಕ್ಕಕ್ಕೆ ಸೇರಿದ್ದು. ಮೊದಲ ಸೆಟ್‌ಗಳಲ್ಲಿ ಎಲ್ಲರ ಪರ್ಸೂ ತುಂಬಿರುತ್ತದೆ, ಎರಡನೇ ಪ್ಯಾಡಲ್ ಸುಲಭವಾಗಿ ಸಿಗುತ್ತದೆ. ಆದರೆ ಯಾರಿಗೂ ಅವಸರವಾಗಿ ಬೇಕಿಲ್ಲದ ಆಟಗಾರನಿಗೆ ಅದೇ ಮುಳುವು, "ಇನ್ನೂ ಬೇಕಾದಷ್ಟು ಜನ ಇದ್ದಾರೆ, ನೋಡೋಣ" ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಜೆಡ್ಡಾದಲ್ಲಿ ದೇವದತ್ತ ಪಡಿಕ್ಕಲ್ ಮೊದಲ ದಿನ ಮಾರಾಟವೇ ಆಗಲಿಲ್ಲ. ಮರುದಿನ ವೇಗದ ಸುತ್ತಿನಲ್ಲಿ ಹೆಸರು ಮತ್ತೆ ಬಂದಾಗ ಆರ್‌ಸಿಬಿ ಮೂಲ ಬೆಲೆ 2 ಕೋಟಿಗೇ ತಗೊಂಡಿತು, ಇನ್ನೊಂದು ಪ್ಯಾಡಲ್ ಮೇಲೇಳಲಿಲ್ಲ. ಈ ವೇಗದ ಸುತ್ತಿಗೆ ಯಾರ ಹೆಸರು ಬರಬೇಕು ಅಂತ ತಂಡಗಳೇ ಬರೆದು ಕೊಡಬೇಕು. ಆ ಚೀಟಿ ಬರೆಯುವ ಹೊತ್ತಿನಲ್ಲಿ ಟೀವಿಯವರು ಜಾಹೀರಾತು ಹಾಕುತ್ತಾರೆ. ನಮಗೆ ಇಡೀ ದಿನದಲ್ಲಿ ಉಸಿರು ಬಿಗಿ ಹಿಡಿಯುವ ಹೊತ್ತು ಅದೇ. ಅಗ್ಗದಲ್ಲಿ ಒಳ್ಳೆ ಆಟಗಾರ ಸಿಗುವುದು ಅಲ್ಲಿ, ಸ್ಟಾರ್‌ಗಳ ಸೆಟ್‌ನಲ್ಲಿ ಅಲ್ಲ.

ಶಶಾಂಕ್ ಸಿಂಗ್ ಗೊತ್ತಲ್ವಾ? ಅದೇ 2023ರ ದುಬೈ ಹರಾಜಿನಲ್ಲಿ 20 ಲಕ್ಷಕ್ಕೆ ಪಂಜಾಬ್ ಕೊಂಡ ಮೇಲೆ ಆ ಟೇಬಲ್ಲಿನಲ್ಲಿ ಬೇರೆ ಯಾರನ್ನೋ ಕೊಂಡೆವಾ ಅಂತ ಗೊಂದಲ ಆಯಿತು, ಸುತ್ತಿಗೆ ಬಿದ್ದಾಗಿದೆ ಅಂತ ಹರಾಜು ನಡೆಸುತ್ತಿದ್ದ ಮಲ್ಲಿಕಾ ಸಾಗರ್ ಹೇಳಿದರು. ಒಂದೇ ಹೆಸರಿನ ಇಬ್ಬರು ಪಟ್ಟಿಯಲ್ಲಿದ್ದರು, ನಮಗೆ ಸರಿಯಾದವರೇ ಸಿಕ್ಕಿದ್ದಾರೆ ಅಂತ ತಂಡ ಆಮೇಲೆ ತಿಳಿಸಿತು. ಮುಂದಿನ ಸೀಸನ್‌ನಲ್ಲಿ ಗುಜರಾತ್ ವಿರುದ್ಧ 29 ಎಸೆತಕ್ಕೆ ಔಟಾಗದೆ 61 ಹೊಡೆದು ಪಂದ್ಯ ಗೆಲ್ಲಿಸಿಕೊಟ್ಟರು. ನಂತರ ಪಂಜಾಬ್ ಅವರನ್ನು 5.50 ಕೋಟಿಗೆ ಉಳಿಸಿಕೊಂಡಿತು. ಎಲ್ಲರೂ ಆ ಗೊಂದಲದ ವಿಡಿಯೋ ನೋಡಿ ನಗುತ್ತಾರೆ. ನಾನು ನೋಡುವುದು ಉಳಿದ ಒಂಬತ್ತು ಟೇಬಲ್. ಒಬ್ಬರೂ ಪ್ಯಾಡಲ್ ಎತ್ತಲಿಲ್ಲ.

ರಾಜ್ಯದ ಲೀಗಿನಲ್ಲೂ ಸ್ವಲ್ಪ ಕಾಲ ಕೆಲಸ ಮಾಡಿದ್ದೇನೆ. ಮಹಾರಾಜ ಟ್ರೋಫಿಯಲ್ಲಿ ಇರುವುದು ಆರೇ ತಂಡ. ಅಲ್ಲಿ ಅಂಕಿಅಂಶಕ್ಕಿಂತ ಬಾಯಿಮಾತೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಯಾವ ಹುಡುಗ ಯಾವ ಕ್ಲಬ್ಬಿನವನು, ಅವನ ಹಳೆ ಕೋಚ್ ಈಗ ಯಾವ ತಂಡದಲ್ಲಿದ್ದಾರೆ ಇಷ್ಟು ಗೊತ್ತಿದ್ದರೆ ಎರಡನೇ ಪ್ಯಾಡಲ್ ಯಾರದು ಅಂತ ಕಾಫಿ ಕುಡಿಯುತ್ತಾ ಹೇಳಿಬಿಡಬಹುದು. 2025ರಲ್ಲಿ ಪಡಿಕ್ಕಲ್ ಹುಬ್ಬಳ್ಳಿ ಟೈಗರ್ಸ್‌ಗೆ 13.20 ಲಕ್ಷಕ್ಕೆ ಹೋದರು. ಅದರ ಹಿಂದಿನ ವರ್ಷ ರಾಹುಲ್ ದ್ರಾವಿಡ್ ಅವರ ಮಗ ಸಮಿತ್ ಮೈಸೂರು ವಾರಿಯರ್ಸ್‌ಗೆ 50 ಸಾವಿರಕ್ಕೆ. ಹೆಸರು ಎಷ್ಟೇ ದೊಡ್ಡದಿರಲಿ, ಇನ್ನೊಂದು ಟೇಬಲ್ಲಿಗೆ ಹಸಿವಿಲ್ಲದಿದ್ದರೆ ಬೆಲೆ ಏರುವುದಿಲ್ಲ.

ನನ್ನ ಈ ಲೆಕ್ಕ ಕೈಕೊಡುವ ಜಾಗ ಒಂದಿದೆ, ಹೊಸ ಆರ್‌ಟಿಎಂ ನಿಯಮ. ಮೊದಲೆಲ್ಲ ಹಳೆ ತಂಡ ಕಾರ್ಡ್ ತೋರಿಸಿದರೆ ಕೊನೆಯ ಕೂಗಿಗೇ ಆಟಗಾರ ವಾಪಸ್. ಜೆಡ್ಡಾದಲ್ಲಿ ಬದಲಾಯಿಸಿದರು. ಕಾರ್ಡ್ ತೋರಿಸಿದ ಮೇಲೆ ಗೆದ್ದ ತಂಡಕ್ಕೆ ಇನ್ನೊಂದು ಅವಕಾಶ, ತನಗೆ ಇಷ್ಟ ಬಂದ ಅಂಕಿ ಹೇಳಬಹುದು. ರಿಷಭ್ ಪಂತ್‌ಗೆ ಲಖನೌ ಕೂಗು 20.75 ಕೋಟಿಗೆ ನಿಂತಿತ್ತು. ಡೆಲ್ಲಿ ಕಾರ್ಡ್ ಎತ್ತಿತು. ಲಖನೌ ಒಂದೇ ಏಟಿಗೆ 27 ಕೋಟಿ ಅಂದಿತು, ಡೆಲ್ಲಿ ಬೇಡ ಅಂದಿತು. ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ. ಎದುರಿನವರು ಎಲ್ಲಿ ಹಿಂದೆ ಸರಿಯುತ್ತಾರೆ ಅಂತ ಊಹಿಸಿ ಒಂದೇ ಅಂಕಿ ಹೇಳಬೇಕು. ಡೆಲ್ಲಿ 23ಕ್ಕೇ ಬಿಡುತ್ತಿತ್ತಾ, 26ಕ್ಕೆ ಬಿಡುತ್ತಿತ್ತಾ, ಯಾರಿಗೂ ಗೊತ್ತಾಗುವುದಿಲ್ಲ. ಆ ಸಂಜೆಯೇ ಡೆಲ್ಲಿ ರಾಹುಲ್ ಅವರನ್ನು 14 ಕೋಟಿಗೆ ತಗೊಂಡಿತು. 2025ರ ಸೀಸನ್‌ನಲ್ಲಿ ರಾಹುಲ್ 539 ರನ್, ಪಂತ್ 269.

ಆರ್‌ಟಿಎಂ ಇರುವ ಹರಾಜಿಗೆ ನಮ್ಮ ಶೀಟಿನಲ್ಲಿ ಒಂದು ಹೊಸ ಕಾಲಂ ಬೇಕು ಅಂತ ನಾನು ಹಟ ಹಿಡಿದಿದ್ದೇನೆ, ಹಳೆ ತಂಡ ಬಿಟ್ಟುಕೊಡುವ ಅಂಕಿ ಅಂತ. ನಮ್ಮ ಸ್ಕೌಟ್ ಒಬ್ಬರು ಒಪ್ಪುವುದಿಲ್ಲ. ಅಂಥಾ ಅಂಕಿ ಯಾರ ಕಂಪ್ಯೂಟರಿನಲ್ಲೂ ಇರೋದಿಲ್ಲ, ಮಾಲೀಕರು ಆ ಕ್ಷಣ ಮುಖ ನೋಡಿ ಹೇಳುತ್ತಾರೆ, ನೀನು ಅದಕ್ಕೆ ದಶಮಾಂಶ ಹಾಕಿ ಏನು ಮಾಡ್ತೀಯ ಅನ್ನುತ್ತಾರೆ. ಮೊನ್ನೆಯ ಮೀಟಿಂಗಿನಲ್ಲಿ ಆ ಕಾಲಂ ಖಾಲಿಯಾಗೇ ಇತ್ತು. ನಾನಂತೂ ಅಳಿಸಿಲ್ಲ.